ಅಮೆರಿಕದ ಕಂಪ್ಯೂಟರ್ ವಿಭಾಗಗಳ ಕನ್ನಡಿಗ ಪ್ರೊಫೆಸರುಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ವಿಭಾಗಗಳಲ್ಲಿ ಪಾಠ ಮಾಡುತ್ತಿರುವ, ಅಡ್ಮಿಷನ್ ಕಮಿಟಿಗಳಲ್ಲಿ ಕೂರುವ, ಕೆಲವು ಕಡೆ ವಿಭಾಗವನ್ನೇ ನಡೆಸುತ್ತಿರುವ ಕನ್ನಡಿಗರಿಗೆ,

ಮಾನ್ಯರೇ, ನಮಸ್ಕಾರ.

ನಾನೂ ನಿಮ್ಮ ಹಾಗೆ ಇಲ್ಲಿ ಪಾಠ ಮಾಡುವವಳು. ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಟೆನ್ಯೂರ್ ಇರುವ ಕಾಯಂ ಹುದ್ದೆಯಲ್ಲ, ವರ್ಷಾವರ್ಷ ಕಾಂಟ್ರಾಕ್ಟ್ ಮುಂದುವರಿಸುವ ಲೆಕ್ಚರರ್ ಕೆಲಸ. ಹಾಗಾಗಿ ವಿಶ್ವವಿದ್ಯಾಲಯದ ಹೆಸರು ಹಾಕುತ್ತಿಲ್ಲ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈ ಪತ್ರವನ್ನು ಡೀನ್‌ಗೆ ಬರೆಯಬಹುದಿತ್ತು. ಬರೆದೂ ಆಯಿತು, ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ಅದಕ್ಕೆ ಬಂದ ಉತ್ತರ ಇನ್ನೂ ಮರ್ಯಾದೆಯಿಂದ ಕೂಡಿತ್ತು, ಅದರಲ್ಲಿ ಏನೂ ಇರಲಿಲ್ಲ. ನಿಮಗೆ ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ಇಂಗ್ಲಿಷಿನ ಮೀಟಿಂಗಿನಲ್ಲಿ ನೀವು ಹೇಳುವುದು ಒಂದು, ಮೀಟಿಂಗ್ ಮುಗಿದ ಮೇಲೆ ಕಾಫಿ ಹಿಡಿದುಕೊಂಡು ನನ್ನ ಹತ್ತಿರ ಕನ್ನಡದಲ್ಲಿ ಹೇಳುವುದು ಇನ್ನೊಂದು. ಆ ಎರಡನೆಯ ಮಾತಿಗೆ ಉತ್ತರ ಕೊಡಬೇಕಾದರೆ ಕನ್ನಡದಲ್ಲೇ ಕೊಡಬೇಕು ಅಲ್ವಾ?

ವಿಷಯ ಇಷ್ಟು. ಕಪ್ಪು ವಿದ್ಯಾರ್ಥಿಗಳು, ಲ್ಯಾಟಿನೋ ವಿದ್ಯಾರ್ಥಿಗಳು, ಈ ನೆಲದ ಮೂಲನಿವಾಸಿ ಮಕ್ಕಳು ಕಂಪ್ಯೂಟರ್ ಕಲಿಯೋಕೆ ಬಂದಾಗ ಅವರು ಅರ್ಧದಲ್ಲೇ ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವ ಕೆಲಸ ನಮ್ಮ ವಿಭಾಗಗಳಲ್ಲಿ 2020ರಲ್ಲಿ ಜೋರಾಗಿ ಶುರುವಾಯಿತು. ಈಗ ಸದ್ದಿಲ್ಲದೆ ಮುಚ್ಚಿಹೋಗುತ್ತಿದೆ. ಮುಚ್ಚುತ್ತಿರುವವರು ವಾಷಿಂಗ್ಟನ್‌ನವರು ಮಾತ್ರ ಅಲ್ಲ. ಕೇಳುವ ಮೊದಲೇ ಬಾಗಿಲು ಹಾಕಿಕೊಂಡವರು ನಾವು. ಆ "ನಾವು" ಅನ್ನುವುದರಲ್ಲಿ ನಮ್ಮ ಊರಿನವರು ತುಂಬಾ ಜನ ಇದ್ದಾರೆ. ಅದಕ್ಕೇ ಈ ಪತ್ರ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನು ಪೊಲೀಸರು ಕೊಂದರು. ಜೂನ್ ತಿಂಗಳಲ್ಲಿ ಕಂಪ್ಯೂಟರ್ ಕ್ಷೇತ್ರದ ಕಪ್ಪು ಸಂಶೋಧಕರು ಸೇರಿ ಒಂದು ಬಹಿರಂಗ ಪತ್ರ ಬರೆದರು. ಹೇಳಿಕೆ ಸಾಕು, ಕೆಲಸ ಮಾಡಿ ಅನ್ನುವುದು ಅದರ ಸಾರ. ನಮ್ಮ ವಿಭಾಗವೂ ಒಂದು ಹೇಳಿಕೆ ಹಾಕಿತು. ಕಮಿಟಿ ಆಯಿತು. ಒಬ್ಬ ಕೋಆರ್ಡಿನೇಟರ್ ಬಂದರು. ಕಾಲೇಜು ಶುರುವಾಗುವ ಮುಂಚೆ ಬೇಸಿಗೆಯಲ್ಲಿ ಒಂದು ತಯಾರಿ ಕೋರ್ಸ್, ಸಂಜೆ ಹೊತ್ತು ಕೂತು ಓದೋಕೆ ಒಂದು ರೂಮು, ಮೇಲಿನ ಕ್ಲಾಸಿನ ಮಕ್ಕಳೇ ಸಂಬಳಕ್ಕೆ ಕೂತು ಹೇಳಿಕೊಡುವ ವ್ಯವಸ್ಥೆ. ಅದು ಚೆನ್ನಾಗಿ ನಡೆಯುತ್ತಿತ್ತು. ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕೂರುತ್ತಿದ್ದ ಮಕ್ಕಳು ಆ ರೂಮಿನಲ್ಲಿ ಬೋರ್ಡಿನ ಮುಂದೆ ನಿಂತು ಜಗಳ ಆಡುತ್ತಿದ್ದರು, ರಿಕರ್ಷನ್ ಬಗ್ಗೆ. ಅದಕ್ಕಿಂತ ಒಳ್ಳೆ ಜಗಳ ಒಬ್ಬ ಟೀಚರ್‌ಗೆ ಬೇಕಾ?

ಆಮೇಲೆ ಒಂದೊಂದಾಗಿ ಕಳಚಿಕೊಂಡವು. ಕೋಆರ್ಡಿನೇಟರ್ ಬೇರೆ ಕೆಲಸ ನೋಡಿಕೊಂಡರು, ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ವೆಬ್‌ಸೈಟಿನ ಪುಟ ಒಂದು ದಿನ ಇಲ್ಲವಾಯಿತು. ಬೇಸಿಗೆ ಕೋರ್ಸಿಗೆ ದುಡ್ಡಿಲ್ಲ ಅಂದರು. ಸಂಜೆಯ ರೂಮು ಈಗ ಒಂದು ಎಐ ಲ್ಯಾಬಿನ ಆಫೀಸು. ಇದ್ಯಾವುದಕ್ಕೂ ಮೀಟಿಂಗಿನಲ್ಲಿ ಓಟು ಹಾಕಿಸಿದ್ದಿಲ್ಲ, ಚರ್ಚೆ ಆಗಿದ್ದಿಲ್ಲ, ಯಾರೂ ಬೇಡ ಅಂದಿದ್ದೂ ಇಲ್ಲ. "ಈಗ ಕಾಲ ಸರಿಯಿಲ್ಲ, ಸ್ವಲ್ಪ ದಿನ ಸುಮ್ನೆ ಇರೋಣ" ಅಂತ ನನಗೆ ಹೇಳಿದವರು ನಮ್ಮವರೇ, ಕನ್ನಡದಲ್ಲೇ.

ಕಾಲ ಸರಿಯಿಲ್ಲ ಅನ್ನುವುದು ಸುಳ್ಳಲ್ಲ. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಹಾರ್ವರ್ಡ್ ಕೇಸಿನಲ್ಲಿ ತೀರ್ಪು ಕೊಟ್ಟು, ಅಡ್ಮಿಷನ್‌ನಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ನಿಲ್ಲಿಸಿತು. ಟೆಕ್ಸಸ್‌ನಲ್ಲಿ ಎಸ್‌ಬಿ 17 ಅನ್ನುವ ಕಾನೂನು 2024ರ ಜನವರಿ 1ರಿಂದ ಸರ್ಕಾರಿ ವಿಶ್ವವಿದ್ಯಾಲಯಗಳ ಡಿಇಐ, ಅಂದರೆ ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆಯ ಕೆಲಸ ನೋಡುವ ಆಫೀಸುಗಳನ್ನು ಮುಚ್ಚಿಸಿತು. 2025ರ ಜನವರಿಯಲ್ಲಿ ಹೊಸ ಅಧ್ಯಕ್ಷರು ಬಂದ ಮೊದಲ ಎರಡು ದಿನಗಳಲ್ಲೇ ಇದರ ವಿರುದ್ಧ ಆದೇಶಗಳು ಹೊರಬಿದ್ದವು. ಆ ವರ್ಷ ಏಪ್ರಿಲ್‌ನಿಂದ ನ್ಯಾಷನಲ್ ಸೈನ್ಸ್ ಫೌಂಡೇಶನ್ ನೂರಾರು ಅನುದಾನಗಳನ್ನು ನಡುವೆಯೇ ರದ್ದು ಮಾಡಿತು. ಅದೇ ಸಂಸ್ಥೆ ಸ್ವಲ್ಪ ವರ್ಷಗಳ ಹಿಂದೆ, ದೊಡ್ಡ ಕಂಪ್ಯೂಟರ್ ಪ್ರಾಜೆಕ್ಟಿಗೆ ದುಡ್ಡು ಕೇಳುವವರು ಹಿಂದುಳಿದ ಗುಂಪುಗಳನ್ನು ಕ್ಷೇತ್ರಕ್ಕೆ ಕರೆತರಲು ಏನು ಮಾಡುತ್ತೀರಿ ಅಂತ ಬರೆದುಕೊಡಿ ಅನ್ನುತ್ತಿತ್ತು. ನಾವೆಲ್ಲ ಬರೆದುಕೊಟ್ಟೆವು. ಕೆಲವರು ತುಂಬಾ ಚೆನ್ನಾಗಿ ಬರೆದುಕೊಟ್ಟಿರಿ, ನಾನೇ ಕರಡು ತಿದ್ದಿದ್ದೇನೆ.

ಆದರೆ ಸ್ವಲ್ಪ ಕಾನೂನು ಓದಿ ನೋಡಿ. ಹಾರ್ವರ್ಡ್ ತೀರ್ಪು ಅಡ್ಮಿಷನ್ ಬಗ್ಗೆ ಇರುವುದು. ಅಲ್ಲೂ ಕೂಡ, ಒಬ್ಬ ಹುಡುಗ ತನ್ನ ಬದುಕಿನಲ್ಲಿ ಜನಾಂಗದ ಕಾರಣಕ್ಕೆ ಏನೇನು ಆಯಿತು ಅಂತ ಪ್ರಬಂಧದಲ್ಲಿ ಬರೆದರೆ ಅದನ್ನು ಓದಲೇಬಾರದು ಅಂತ ಕೋರ್ಟು ಹೇಳಿಲ್ಲ. ಟೆಕ್ಸಸ್ ಕಾನೂನು ಅಷ್ಟು ಬಿಗಿ, ಅದರಲ್ಲೇ ಕ್ಲಾಸಿನ ಪಾಠಕ್ಕೆ, ಸಂಶೋಧನೆಗೆ, ಅಂಕಿಅಂಶ ಸಂಗ್ರಹಕ್ಕೆ, ವಿದ್ಯಾರ್ಥಿ ಸಂಘಗಳಿಗೆ ವಿನಾಯಿತಿ ಇದೆ. ಜಾತಿ ಜನಾಂಗ ನೋಡದೆ ಎಲ್ಲರಿಗೂ ತೆರೆದಿಟ್ಟು ಕಲಿಕೆ ಸುಧಾರಿಸುವ ಕೆಲಸಕ್ಕೂ ವಿನಾಯಿತಿ ಇದೆ. ಮೊದಲ ಕೋರ್ಸನ್ನು ಸರಿಯಾಗಿ ಕಲಿಸಬೇಡಿ ಅಂತ ಯಾವ ಅಧ್ಯಕ್ಷರ ಆದೇಶವೂ ಹೇಳಿಲ್ಲ. ಸಂಜೆ ಆರಕ್ಕೆ ಒಂದು ರೂಮಿನ ಲೈಟ್ ಹಾಕಬೇಡಿ ಅಂತಲೂ ಹೇಳಿಲ್ಲ.

ನನ್ನ ದೂರು ಇದೇ. ಕಾನೂನು ಕಿತ್ತುಕೊಂಡದ್ದು ಸ್ವಲ್ಪ, ಭಯದಿಂದ ನಾವೇ ಬಿಟ್ಟುಕೊಟ್ಟದ್ದು ಜಾಸ್ತಿ.

ಈ ಮೊದಲ ಕೋರ್ಸ್ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಕ್ಕಳು ಬಿಟ್ಟು ಹೋಗುವುದು ಅಲ್ಲೇ. ಅಮೆರಿಕದ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಇರುವುದು 2024ರ ಲೆಕ್ಕದ ಪ್ರಕಾರ ನೂರಕ್ಕೆ ಸುಮಾರು 60ರಲ್ಲಿ ಮಾತ್ರ. ಇರುವ ಕಡೆಯೂ ಎಲ್ಲರಿಗೂ ಸಿಗುವುದಿಲ್ಲ. ಯಾವ ಸ್ಕೂಲುಗಳಲ್ಲಿ ಇಲ್ಲ ಅಂತ ಕೇಳಬೇಕಿಲ್ಲ, ಮನೆಗಳ ಬೆಲೆ ನೋಡಿದರೆ ಗೊತ್ತಾಗುತ್ತೆ. ಹೀಗಾಗಿ ನನ್ನ ಕ್ಲಾಸಿನ ಮೊದಲ ದಿನ ಒಂದೇ ಬೆಂಚಿನಲ್ಲಿ ಇಬ್ಬರು ಕೂತಿರುತ್ತಾರೆ. ಒಬ್ಬ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಕೋರ್ಸಿನಲ್ಲಿ ಜಾವಾ ಮುಗಿಸಿ, ಬೇಸಿಗೆ ಕ್ಯಾಂಪ್ ಮುಗಿಸಿ, ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರ್‌ನಲ್ಲಿ ಇರುವ ಮನೆಯಿಂದ ಬಂದಿರುತ್ತಾನೆ. ಅವನ ಪಕ್ಕದವಳು ಲೂಪ್ ಅಂದರೆ ಏನು ಅಂತ ಇವತ್ತೇ ಮೊದಲು ಕೇಳುತ್ತಿರುತ್ತಾಳೆ. ಮೂರನೇ ವಾರಕ್ಕೆ ಅವನು ಕೈ ಎತ್ತಿ, ಕೋರ್ಸಿನಲ್ಲೇ ಇಲ್ಲದ ಯಾವುದೋ ವಿಷಯ ಕೇಳುತ್ತಾನೆ. ಪ್ರಶ್ನೆ ಕೇಳೋಕೆ ಅಲ್ಲ, ಗೊತ್ತಿದೆ ಅಂತ ತೋರಿಸೋಕೆ. ಅವಳು ತನಗೆ ತಲೆ ಇಲ್ಲ ಅಂದುಕೊಳ್ಳುತ್ತಾಳೆ. ಪರೀಕ್ಷೆಯಲ್ಲಿ ಸಿ ಗ್ರೇಡ್ ಬರುತ್ತೆ. ನಮ್ಮ ವಿಭಾಗಗಳಲ್ಲಿ ಸೀಟು ಕಡಿಮೆ ಅಂತ ಮೇಜರ್‌ಗೆ, ಅಂದರೆ ಕಂಪ್ಯೂಟರನ್ನೇ ಡಿಗ್ರಿಯ ಮುಖ್ಯ ವಿಷಯವಾಗಿ ತೆಗೆದುಕೊಂಡು ಸೇರೋಕೆ, ಗ್ರೇಡಿನ ಗೇಟು ಇಟ್ಟಿದ್ದೀವಲ್ಲ, ಆ ಗೇಟು ಅಲ್ಲಿಗೆ ಮುಚ್ಚಿತು. ಅವಳು ಮುಂದಿನ ಸೆಮಿಸ್ಟರ್ ಬೇರೆ ವಿಭಾಗದಲ್ಲಿ ಇರುತ್ತಾಳೆ. ನಮ್ಮ ಲೆಕ್ಕದಲ್ಲಿ ಇದು "ಆಸಕ್ತಿ ಬದಲಾಯಿತು" ಅಂತ ದಾಖಲಾಗುತ್ತೆ.

ಇದು ನಿಮಗೆ ಗೊತ್ತಿಲ್ಲದ ಅನುಭವ ಅಲ್ಲ. ನಾನು ಹತ್ತನೇ ಕ್ಲಾಸಿನವರೆಗೆ ಚಿತ್ರದುರ್ಗ ಜಿಲ್ಲೆಯ ಕನ್ನಡ ಮೀಡಿಯಂ ಸ್ಕೂಲಿನಲ್ಲಿ ಓದಿದವಳು. ಇಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬಿನಲ್ಲಿ ಟರ್ಬೋ ಸಿಯ ಆ ನೀಲಿ ಪರದೆ ನೋಡಿ ಕೈ ನಡುಗಿದ್ದು, ಬೆಂಗಳೂರಿನ ಕಾನ್ವೆಂಟಿನ ಹುಡುಗರು ಆಗಲೇ ಪ್ರೋಗ್ರಾಂ ಮುಗಿಸಿ ಗೇಮ್ ಆಡುತ್ತಿದ್ದದ್ದು ನೆನಪಿದೆ. ನಿಮ್ಮಲ್ಲಿ ಎಷ್ಟೋ ಜನಕ್ಕೂ ನೆನಪಿರಬೇಕು. ನಾವು ದಡ್ಡರಾಗಿದ್ದೆವಾ? ಇಲ್ಲ. ಯಾರೋ ಸೀನಿಯರ್ ಹಾಸ್ಟೆಲಿನಲ್ಲಿ ರಾತ್ರಿ ಕೂರಿಸಿಕೊಂಡು ಪಾಯಿಂಟರ್ ಹೇಳಿಕೊಟ್ಟರು, ಹಳೇ ಪ್ರಶ್ನೆಪತ್ರಿಕೆ ಕೊಟ್ಟರು, ದಾಟಿಕೊಂಡೆವು.

ಆ ಹಾಸ್ಟೆಲ್ ರಾತ್ರಿ ಇಲ್ಲಿ ಯಾರಿಗೆ ಸಿಗುತ್ತೆ, ಯಾರಿಗೆ ಸಿಗಲ್ಲ ಅನ್ನುವುದೇ ಪ್ರಶ್ನೆ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಯೂರಿ ಟ್ರೈಸ್‌ಮನ್ ಅನ್ನುವವರು ಇದನ್ನೇ ಹಿಡಿದು ನೋಡಿದರು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಜಾಸ್ತಿ ಫೇಲ್ ಆಗುತ್ತಿದ್ದರು, ಚೀನೀ ಮೂಲದವರು ಚೆನ್ನಾಗಿ ಮಾಡುತ್ತಿದ್ದರು. ಪ್ರೊಫೆಸರುಗಳನ್ನು ಕೇಳಿದರೆ ಉತ್ಸಾಹ ಇಲ್ಲ, ಮನೆಯಲ್ಲಿ ಓದಿನ ವಾತಾವರಣ ಇಲ್ಲ, ತಯಾರಿ ಇಲ್ಲ ಅಂದರು. ಟ್ರೈಸ್‌ಮನ್ ಎರಡೂ ಗುಂಪಿನ ವಿದ್ಯಾರ್ಥಿಗಳ ಜೊತೆ ತಿಂಗಳುಗಟ್ಟಲೆ ಓಡಾಡಿ, ಅವರು ಹೇಗೆ ಓದುತ್ತಾರೆ ಅಂತ ಗಮನಿಸಿದರು. ಪ್ರೊಫೆಸರುಗಳು ಕೊಟ್ಟ ಕಾರಣ ಒಂದೂ ನಿಲ್ಲಲಿಲ್ಲ. ಕಪ್ಪು ಮಕ್ಕಳು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ಒಬ್ಬೊಬ್ಬರೇ ಓದಿ ಆಮೇಲೆ ಗುಂಪಿನಲ್ಲಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಏನು ಮಾಡಿದರು ಗೊತ್ತಾ? ಸುಲಭದ ಲೆಕ್ಕ ಕೊಡುವ ರಿಪೇರಿ ಕ್ಲಾಸ್ ಮಾಡಲಿಲ್ಲ. ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಕೂತು ಬಿಡಿಸುವ ವರ್ಕ್‌ಶಾಪ್ ಮಾಡಿದರು. ಅಲ್ಲಿಗೆ ಬಂದ ಕಪ್ಪು ವಿದ್ಯಾರ್ಥಿಗಳ ಫಲಿತಾಂಶ ಮೇಲಕ್ಕೆ ಹೋಯಿತು.

ಈಗ ನಮ್ಮ ವಿಭಾಗಕ್ಕೆ ಬನ್ನಿ. ನಮ್ಮ ದೇಸಿ ಹುಡುಗರ ವಾಟ್ಸಾಪ್ ಗ್ರೂಪು ಇದೆ. ಅದರಲ್ಲಿ ಹಿಂದಿನ ವರ್ಷದ ಅಸೈನ್‌ಮೆಂಟು, ಯಾವ ಪ್ರೊಫೆಸರ್ ಎಂಥ ಪ್ರಶ್ನೆ ಕೇಳುತ್ತಾರೆ, ಯಾವ ಕಂಪನಿ ಇಂಟರ್ನ್‌ಶಿಪ್‌ಗೆ ಯಾವಾಗ ಅರ್ಜಿ ತೆರೆಯುತ್ತೆ, ಎಲ್ಲ ಇರುತ್ತೆ. ನನಗೆ ಸಿಟ್ಟಿಲ್ಲ, ಮನೆ ಬಿಟ್ಟು ಇಷ್ಟು ದೂರ ಬಂದ ಮಕ್ಕಳು ಹೀಗೆ ಒಬ್ಬರಿಗೊಬ್ಬರು ಆಗುವುದು ಒಳ್ಳೆಯದೇ. ಆದರೆ ಆ ಗ್ರೂಪಿನಲ್ಲಿ ಕಪ್ಪು ಹುಡುಗ ಒಬ್ಬನೂ ಇಲ್ಲ. ಕ್ಲಾಸ್ ಮುಗಿದ ಕೂಡಲೇ ಅವನು ಪಾರ್ಟ್ ಟೈಮ್ ಕೆಲಸಕ್ಕೆ ಓಡುತ್ತಾನೆ, ರಾತ್ರಿ ಒಬ್ಬನೇ ಕೂತು ಬರೆಯುತ್ತಾನೆ. ಅವನ ಕೋಡ್ ಯೂಟ್ಯೂಬ್‌ನ ಯಾವುದೋ ಪಾಠದ ಹಾಗೆ ಕಂಡರೆ ನಕಲು ಹಿಡಿಯುವ ಸಾಫ್ಟ್‌ವೇರಿಗೆ ಸಿಕ್ಕಿಬೀಳುತ್ತಾನೆ. ಗುಂಪಿನಲ್ಲಿ ಕಲಿತವರಿಗೆ ಎಷ್ಟು ಬದಲಾಯಿಸಿದರೆ ಸಿಕ್ಕಿಬೀಳಲ್ಲ ಅಂತಲೂ ಗೊತ್ತಿರುತ್ತೆ. ನಮ್ಮ ಸಂಜೆಯ ರೂಮು ಮಾಡುತ್ತಿದ್ದದ್ದು ಇಷ್ಟೇ, ಆ ಗ್ರೂಪನ್ನು ಎಲ್ಲರಿಗೂ ತೆರೆದಿಟ್ಟಿತ್ತು.

ಹಾರ್ವಿ ಮಡ್ ಕಾಲೇಜಿನ ಕಥೆ ನಿಮಗೆಲ್ಲ ಗೊತ್ತು, ಸ್ಲೈಡ್‌ಗಳಲ್ಲಿ ಹಾಕಿಕೊಂಡಿರುತ್ತೀರಿ. ಮೊದಲ ಕೋರ್ಸನ್ನು ಜಾವಾದಿಂದ ಪೈಥಾನ್‌ಗೆ ಬದಲಾಯಿಸಿದರು, ಮೊದಲೇ ಪ್ರೋಗ್ರಾಮಿಂಗ್ ಕಲಿತವರನ್ನೂ ಕಲಿಯದವರನ್ನೂ ಬೇರೆ ಬೇರೆ ಸೆಕ್ಷನ್ ಮಾಡಿದರು, ಕ್ಲಾಸಿನಲ್ಲಿ ಪಾಂಡಿತ್ಯ ತೋರಿಸುವವರನ್ನು ಪ್ರೊಫೆಸರುಗಳು ಪಕ್ಕಕ್ಕೆ ಕರೆದು ಮಾತಾಡಿಸಿದರು. 2006ರ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಮೇಜರ್ ತೆಗೆದುಕೊಂಡವರಲ್ಲಿ ಹುಡುಗಿಯರು ನೂರಕ್ಕೆ 10ರ ಆಸುಪಾಸು ಇದ್ದರು, ಕೆಲವೇ ವರ್ಷಗಳಲ್ಲಿ 40ರ ಆಸುಪಾಸಿಗೆ ಬಂದರು. ಅದು ಹುಡುಗಿಯರ ಲೆಕ್ಕ, ಜನಾಂಗದ್ದಲ್ಲ, ಗೊತ್ತು. ಆದರೆ ಕಾರಣ ಒಂದೇ: ಮೊದಲೇ ಕಲಿತು ಬಂದದ್ದನ್ನು ನಾವು ಬುದ್ಧಿ ಅಂತ ತಿಳಿದು ಮಾರ್ಕ್ಸ್ ಕೊಡುತ್ತಿದ್ದೇವೆ. ಇದನ್ನು ಸರಿಮಾಡಲು ಯಾವ ವಿದ್ಯಾರ್ಥಿಯ ಬಣ್ಣವನ್ನೂ ಕೇಳಬೇಕಿಲ್ಲ.

ಇನ್ನು ಉಳಿಯುವ ಮಾತು. ಹೊಡೆತ ಬಿದ್ದ ಮೇಲೂ ಉಳಿದ ಕಾರ್ಯಕ್ರಮ ಇದೆ, ನಾನು ಸದಾ ಅದನ್ನೇ ನೋಡುತ್ತೇನೆ. ಬಾಲ್ಟಿಮೋರ್ ಪಕ್ಕದ ಯುಎಂಬಿಸಿ ಅನ್ನುವ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1988ರಲ್ಲಿ ಫ್ರೀಮನ್ ಹ್ರಬೌಸ್ಕಿ, ಮೇಯರ್‌ಹಾಫ್ ದಂಪತಿಯ ದುಡ್ಡಿನಿಂದ ಒಂದು ಸ್ಕಾಲರ್‌ಶಿಪ್ ಶುರುಮಾಡಿದರು. 1989ರಲ್ಲಿ ಮೊದಲ ತಂಡ ಬಂತು, 19 ಕಪ್ಪು ಹುಡುಗರು. ಮುಂದಿನ ವರ್ಷ ಹುಡುಗಿಯರು ಬಂದರು. 1994ರಲ್ಲಿ ಆ ಪ್ರಾಂತ್ಯದ ಫೆಡರಲ್ ಅಪೀಲು ಕೋರ್ಟು, ಅದೇ ರಾಜ್ಯದ ಇನ್ನೊಂದು ಕ್ಯಾಂಪಸ್ಸಿನಲ್ಲಿ ಕಪ್ಪು ವಿದ್ಯಾರ್ಥಿಗಳಿಗೇ ಮೀಸಲಿದ್ದ ಒಂದು ಸ್ಕಾಲರ್‌ಶಿಪ್ ಸಂವಿಧಾನಕ್ಕೆ ವಿರುದ್ಧ ಅಂದಿತು. ಯುಎಂಬಿಸಿಯವರು ಮುಚ್ಚಿದರಾ? ಇಲ್ಲ. 1996ರಲ್ಲಿ ಎಲ್ಲ ಜನಾಂಗದವರಿಗೂ ತೆರೆದರು, ಒಳಗಿನ ಕೆಲಸವನ್ನು ಹಾಗೇ ಇಟ್ಟುಕೊಂಡರು. ಬೇಸಿಗೆಯ ತಯಾರಿ, ಗುಂಪಿನಲ್ಲಿ ಓದು, ಮೊದಲ ವರ್ಷದಿಂದಲೇ ಲ್ಯಾಬಿನಲ್ಲಿ ಸಂಶೋಧನೆ, ಮಗು ಬಿದ್ದರೆ ಕೂಡಲೇ ಗಮನಿಸುವ ಜನ. ಮೂವತ್ತು ವರ್ಷ ಆಯಿತು. ಡಾಕ್ಟರೇಟ್ ಮಾಡುವ ಕಪ್ಪು ವಿಜ್ಞಾನಿಗಳನ್ನು ಈ ದೇಶಕ್ಕೆ ಕೊಡುವುದರಲ್ಲಿ ಆ ಕ್ಯಾಂಪಸ್ಸು ಈಗಲೂ ಮುಂದಿನ ಸಾಲಿನಲ್ಲಿದೆ. ಪೆನ್ ಸ್ಟೇಟ್‌ನವರು, ಚಾಪೆಲ್ ಹಿಲ್‌ನವರು ಅದನ್ನೇ ನೋಡಿ ತಮ್ಮಲ್ಲಿ ಮಾಡಿಕೊಂಡರು.

ಅದು ಉಳಿದದ್ದಕ್ಕೂ ನಮ್ಮದು ಹೋದದ್ದಕ್ಕೂ ವ್ಯತ್ಯಾಸ ಏನು? ಅಲ್ಲಿ ಅದು ವಿಶ್ವವಿದ್ಯಾಲಯದ ಕೆಲಸವಾಗಿತ್ತು. ವರ್ಷಾವರ್ಷ ಅಳೆದು ನೋಡುತ್ತಿದ್ದರು, ವಿಜ್ಞಾನದ ಪ್ರೊಫೆಸರುಗಳೇ ಕೈಹಾಕಿದ್ದರು, ಹ್ರಬೌಸ್ಕಿ ತಾವೇ 1992ರಿಂದ 2022ರವರೆಗೆ ಅಲ್ಲಿ ಅಧ್ಯಕ್ಷರಾಗಿದ್ದರು. ನಮ್ಮಲ್ಲಿ ಎಲ್ಲವನ್ನೂ ಒಬ್ಬ ಕೋಆರ್ಡಿನೇಟರ್ ಮೇಲೆ ಹೇರಿದ್ದೆವು, ಸಂಬಳ ಮೂರು ವರ್ಷದ ಗ್ರಾಂಟಿನಿಂದ. ಆ ಗ್ರಾಂಟು ತೀರಿದಾಗ ಸಮಾನತೆಯೂ ತೀರಿತು. ಕಂಪೈಲರ್ ಕೋರ್ಸನ್ನು ಮೂರು ವರ್ಷದ ಗ್ರಾಂಟಿನಲ್ಲಿ ನಡೆಸುತ್ತೀರಾ ನೀವು?

ಈಗ ಕಷ್ಟದ ಮಾತು, ನಮ್ಮ ನಮ್ಮೊಳಗೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ನಾನು ಕೇಳಿಸಿಕೊಂಡ ಮಾತು, "ನಮ್ಮ ಮಕ್ಕಳು ಮೆರಿಟ್ ಮೇಲೆ ಬರುತ್ತಾರೆ, ಅವರಿಗೆ ಯಾಕೆ ವಿಶೇಷ ಸವಲತ್ತು?" ಹಾರ್ವರ್ಡ್ ಕೇಸಿನಲ್ಲಿ ಏಷ್ಯನ್ ಮಕ್ಕಳಿಗೆ ಅನ್ಯಾಯ ಆಗುತ್ತಿದೆ ಅನ್ನುವ ವಾದ ಮುಂದಿಟ್ಟಿದ್ದರು, ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ತಂದೆ ತಾಯಿಯ ಆತಂಕ ನನಗೂ ಗೊತ್ತು, ನನಗೂ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಆದರೆ ಮೆರಿಟ್ ಅನ್ನುವ ಮಾತನ್ನು ನಾವು, ಅದೂ ಕರ್ನಾಟಕದವರು, ಇಷ್ಟು ಸಲೀಸಾಗಿ ಆಡಬಹುದಾ?

1918ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡಿದಾಗಲೂ ಇದೇ ಮಾತು ಎದ್ದಿತ್ತು. ಸರ್ಕಾರಿ ಕೆಲಸಗಳೆಲ್ಲ ಒಂದೇ ಜಾತಿಯವರ ಕೈಯಲ್ಲಿ ಇವೆ, ಉಳಿದವರಿಗೂ ಜಾಗ ಕೊಡಬೇಕು ಅಂದರೆ, ಆಡಳಿತದ ಗುಣಮಟ್ಟ ಹಾಳಾಗುತ್ತೆ ಅಂದರು. ವಿಶ್ವೇಶ್ವರಯ್ಯನವರು ಅದೇ ಭಿನ್ನಾಭಿಪ್ರಾಯದ ನಡುವೆ ದಿವಾನಗಿರಿ ಬಿಟ್ಟರು. ಮೈಸೂರು ಹಾಳಾಗಲಿಲ್ಲ. ಇಷ್ಟು ಹಿಂದೆ ಹೋಗುವುದೂ ಬೇಡ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ 5. ಜಾತಿಯ ಮೀಸಲಾತಿಯನ್ನು ಬೈಯುವ ಎಷ್ಟೋ ಜನ ಈ ಕೋಟಾದ ಸರ್ಟಿಫಿಕೇಟಿಗೆ ಬಿಇಒ ಆಫೀಸಿನ ಮುಂದೆ ಸಾಲು ನಿಂತವರು. ನಾನೂ ನಿಂತಿದ್ದೆ, ಅದರಲ್ಲಿ ನನಗೆ ನಾಚಿಕೆ ಇಲ್ಲ. ಆ ಸೀಟು ಭಿಕ್ಷೆ ಆಗಿರಲಿಲ್ಲ.

ಅಮೆರಿಕದ ಬಾಗಿಲು ನಮಗೆ ತೆರೆದದ್ದೂ ಮೆರಿಟ್‌ನಿಂದ ಅಲ್ಲ. 1946ರ ಕಾನೂನಿನ ಪ್ರಕಾರ ಇಡೀ ಭಾರತದಿಂದ ವರ್ಷಕ್ಕೆ 100 ಜನ ಇಲ್ಲಿಗೆ ವಲಸೆ ಬರಬಹುದಿತ್ತು. ಆಗ ಭಾರತದಲ್ಲಿ ಮೆರಿಟ್ ಇರಲಿಲ್ಲವಾ? 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದರ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು, ಎರಡು ತಿಂಗಳ ಹಿಂದೆ ಮತದಾನ ಹಕ್ಕಿನ ಕಾನೂನು ಬಂದಿದ್ದವು. ದಕ್ಷಿಣದ ಬೀದಿಗಳಲ್ಲಿ ಕಪ್ಪು ಜನ ಲಾಠಿ ಏಟು ತಿಂದು, ಜೈಲಿಗೆ ಹೋಗಿ, ಜನಾಂಗ ನೋಡಿ ಮನುಷ್ಯರನ್ನು ಹೊರಗಿಡುವುದು ತಪ್ಪು ಅಂತ ಈ ದೇಶದ ಬಾಯಲ್ಲಿ ಹೇಳಿಸಿದ ಕಾಲ ಅದು. ಆ ಗಾಳಿಯಲ್ಲೇ ನಮ್ಮ ಬಾಗಿಲೂ ತೆರೆಯಿತು. ಅವರಿಗೆ ನಾವು ಏನೂ ಕೊಡಬೇಕಿಲ್ಲ ಅನ್ನುವುದಾದರೆ ಲೆಕ್ಕ ಎಲ್ಲೋ ತಪ್ಪಿದೆ.

ಇನ್ನೊಂದನ್ನು ಹೇಳದೆ ಇರೋಕೆ ಆಗಲ್ಲ. ಲ್ಯಾಬುಗಳಲ್ಲಿ ನಮ್ಮ ಹುಡುಗರು ಟಿಎ, ಅಂದರೆ ಪಾಠಕ್ಕೆ ಸಹಾಯಕರಾಗಿ ಕೂರುತ್ತಾರೆ. ಒಬ್ಬ ಕಪ್ಪು ವಿದ್ಯಾರ್ಥಿ ಡೌಟ್ ಕೇಳಿಕೊಂಡು ಹೋದ ಮೇಲೆ ಇಬ್ಬರು ಟಿಎಗಳು ಅವನ ಬಗ್ಗೆ, ಅವನ ಬಣ್ಣದ ಬಗ್ಗೆ, ಅವನಿಗೆ ಅರ್ಥ ಆಗಲ್ಲ ಅನ್ನುವ ಧೈರ್ಯದಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಅವರನ್ನು ಕರೆದು ಬುದ್ಧಿ ಹೇಳಿದೆ. ಕೆಟ್ಟ ಹುಡುಗರಲ್ಲ, ನಿಜವಾಗಿ ಬೆವತುಹೋದರು. ಈ ದೇಶದ ಚರಿತ್ರೆಯನ್ನು ಅವರಿಗೆ ಯಾರೂ ಹೇಳಿಕೊಟ್ಟೇ ಇಲ್ಲ. ವೀಸಾ, ಬ್ಯಾಂಕ್ ಅಕೌಂಟು, ಓದಿದ ಮೇಲೆ ಕೆಲಸ ಮಾಡೋಕೆ ಬೇಕಾದ ಒಪಿಟಿ ಪರವಾನಗಿ, ಎಲ್ಲಕ್ಕೂ ಓರಿಯಂಟೇಶನ್ ಇದೆ, ಇದಕ್ಕಿಲ್ಲ. ಮಾತು ಅರ್ಥ ಆಗದಿದ್ದರೂ ಮುಖ ಅರ್ಥ ಆಗುತ್ತೆ. ಆ ವಿದ್ಯಾರ್ಥಿ ಮತ್ತೆ ಆಫೀಸ್ ಅವರ್‌ಗೆ ಬರಲಿಲ್ಲ.

ಅದೇ ಲ್ಯಾಬಿನಲ್ಲಿ "ನಿನ್ನ ಪೂರ್ತಿ ಹೆಸರೇನು?" ಅಂತ ಕೇಳಿ ಜಾತಿ ತಿಳಿದುಕೊಳ್ಳುವ ಕೆಲಸವೂ ನಡೆಯುತ್ತೆ, ನಿಮಗೆ ಗೊತ್ತಿಲ್ಲದ್ದೇನಲ್ಲ. 2022ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ತಾರತಮ್ಯ ವಿರೋಧಿ ನಿಯಮದಲ್ಲಿ ಜಾತಿಯನ್ನೂ ಸೇರಿಸಿತು. ಅದನ್ನು ವಿರೋಧಿಸಿದ ಪತ್ರಗಳಿಗೆ ಸಹಿ ಹಾಕಿದವರಲ್ಲಿ ನಮ್ಮ ಕ್ಷೇತ್ರದವರೂ ಇದ್ದರು. ಎರಡೂ ಒಂದೇ ಕಾಯಿಲೆ ಅಂತ ಅಂಬೇಡ್ಕರ್ 1946ರಲ್ಲೇ ಇಲ್ಲಿನ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದಾಗ ಗುರುತಿಸಿದ್ದರು, ಅಸ್ಪೃಶ್ಯರಿಗೂ ಇಲ್ಲಿನ ಕಪ್ಪು ಜನರಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ್ದರು.

"ಇದೆಲ್ಲ ಸಮಾಜಶಾಸ್ತ್ರ, ನಮ್ಮದು ಕಂಪ್ಯೂಟರ್" ಅನ್ನುವವರಿಗೂ ಒಂದು ಮಾತು. 2018ರಲ್ಲಿ ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಇಬ್ಬರು ಕಪ್ಪು ಮಹಿಳೆಯರು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಬಣ್ಣದ ಹೆಂಗಸರಲ್ಲಿ 34.7ರವರೆಗೆ. ಅದನ್ನು ಕಟ್ಟಿದ ಇಂಜಿನಿಯರುಗಳು ನಮ್ಮಂಥ ವಿಭಾಗಗಳಲ್ಲೇ ಓದಿದವರು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ರಾಬರ್ಟ್ ವಿಲಿಯಮ್ಸ್ ಅವರನ್ನು ಇಂಥದೇ ಮುಖ ಗುರುತಿಸುವ ಸಾಫ್ಟ್‌ವೇರಿನ ತಪ್ಪಿನಿಂದ ಮನೆಯ ಮುಂದೆಯೇ, ಹೆಂಡತಿ ಮಕ್ಕಳೆದುರು ಕೈಕೋಳ ಹಾಕಿ ಒಯ್ದರು. ನಮ್ಮ ಚರ್ಮವೂ ಬಿಳಿಯಲ್ಲ, ಅದನ್ನೂ ಸ್ವಲ್ಪ ಯೋಚಿಸಿ.

ಕ್ಲಾರೆನ್ಸ್ ಎಲ್ಲಿಸ್ ಹೆಸರು ನಿಮ್ಮಲ್ಲಿ ಎಷ್ಟು ಜನ ಪಾಠದಲ್ಲಿ ಹೇಳಿದ್ದೀರಿ? ಶಿಕಾಗೋ ದಕ್ಷಿಣ ಭಾಗದ ಬಡ ಮನೆಯ ಹುಡುಗ, 15ನೇ ವಯಸ್ಸಿನಲ್ಲಿ ಒಂದು ಕಂಪನಿಯಲ್ಲಿ ರಾತ್ರಿ ಕಾವಲು ಕೆಲಸ. ಕಂಪ್ಯೂಟರ್ ಮುಟ್ಟುವ ಹಾಗಿರಲಿಲ್ಲ, ಕಾಯಬೇಕಿತ್ತು. ರಾತ್ರಿಯೆಲ್ಲ ಕೂತು ಅದರ ಮ್ಯಾನ್ಯುಯಲ್ ಓದಿದರು. 1969ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕಂಪ್ಯೂಟರ್ ಸೈನ್ಸ್‌ನಲ್ಲಿ ಡಾಕ್ಟರೇಟ್ ಪಡೆದರು, ಈ ದೇಶದ ಕಪ್ಪು ಜನರಲ್ಲಿ ಮೊದಲಿಗರು. ಒಂದೇ ಕಡತವನ್ನು ಹಲವರು ಒಟ್ಟಿಗೆ ತಿದ್ದುವ ತಂತ್ರಕ್ಕೆ 1989ರಲ್ಲಿ ಅವರೂ ಜೊತೆಗಾರರೂ ಹಾಕಿದ ತಳಪಾಯದ ಮೇಲೆ ಗೂಗಲ್ ಡಾಕ್ಸ್‌ನಂಥವು ನಿಂತಿವೆ. ಅವರಾದ ಮೇಲೆ ಅರ್ಧ ಶತಮಾನ ದಾಟಿತು. ಇವತ್ತೂ ಈ ದೇಶದಲ್ಲಿ ಕಂಪ್ಯೂಟರ್ ಸೈನ್ಸ್ ಡಾಕ್ಟರೇಟ್ ಪಡೆಯುವವರಲ್ಲಿ ಕಪ್ಪು ಅಮೆರಿಕನ್ನರು ನೂರಕ್ಕೆ ಒಂದೋ ಎರಡೋ.

ನನ್ನ ಕೋರಿಕೆಗಳು ದೊಡ್ಡವಲ್ಲ. ವೀಸಾದಲ್ಲಿರುವವರು, ಇನ್ನೂ ಟೆನ್ಯೂರ್ ಸಿಗದವರು ಎದ್ದು ನಿಲ್ಲಿ ಅಂತ ಕೇಳುತ್ತಿಲ್ಲ, ಅದು ಅನ್ಯಾಯ. ಟೆನ್ಯೂರ್ ಇದ್ದು, ಸಿಟಿಜನ್‌ಶಿಪ್ ಇದ್ದು, ಮನೆ ಸಾಲ ತೀರಿಸಿಯೂ ಆಗಿರುವ ಹಿರಿಯರನ್ನು ಕೇಳುತ್ತಿದ್ದೇನೆ.

ಮೊದಲ ಕೋರ್ಸನ್ನು ಎರಡು ದಾರಿ ಮಾಡಿ, ಮೊದಲೇ ಕಲಿತವರಿಗೊಂದು, ಹೊಸಬರಿಗೊಂದು, ಎರಡೂ ಒಂದೇ ಕಡೆ ಸೇರುವ ಹಾಗೆ. ಆ ಕೋರ್ಸಿಗೆ ವಿಭಾಗದ ಒಳ್ಳೆಯ ಟೀಚರ್‌ಗಳನ್ನು ಹಾಕಿ, ಸಿಕ್ಕವರನ್ನು ಹಾಕಬೇಡಿ. ಮೇಜರ್‌ನ ಗೇಟನ್ನು ಒಂದೇ ಸೆಮಿಸ್ಟರಿನ ಗ್ರೇಡಿಗೆ ಕಟ್ಟಬೇಡಿ, ಕೋರ್ಸ್ ಮತ್ತೆ ಮಾಡಿದವರ ಹೊಸ ಗ್ರೇಡನ್ನು ಪೂರ್ತಿ ಒಪ್ಪಿಕೊಳ್ಳಿ. ಸಂಜೆಯ ಗುಂಪು ಓದಿನ ಖರ್ಚನ್ನು ವಿಭಾಗದ ಸ್ವಂತ ಬಜೆಟ್ಟಿನಲ್ಲಿ ಬರೆಯಿರಿ, ಎಲ್ಲರಿಗೂ ತೆರೆದಿಡಿ, ಮತ್ತು ಬರಬೇಕಾದವರನ್ನು ಟೀಚರ್ ತಾವೇ ಹೆಸರು ಹಿಡಿದು ಕರೆಯಲಿ. ಪೋಸ್ಟರ್ ಅಂಟಿಸಿದರೆ ಬರುವವರು ಬೇರೆಯವರೇ. ಯಾರು ಸೇರಿದರು, ಯಾರು ಬಿಟ್ಟರು, ಯಾವ ಕೋರ್ಸಿನ ನಂತರ ಬಿಟ್ಟರು, ನಕಲು ಅಂತ ಯಾರ ಮೇಲೆ ಜಾಸ್ತಿ ಕೇಸು ಬೀಳುತ್ತಿದೆ ಅನ್ನುವ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರೊಫೆಸರುಗಳ ಸಭೆಯ ಮುಂದೆ ಇಡಿ.

ಡಾಕ್ಟರೇಟ್ ಅರ್ಜಿಗಳನ್ನು ಓದುವಾಗ ನಮಗೆ ಐಐಟಿ ಹೆಸರು ಕಂಡರೆ ಕಣ್ಣು ನಿಲ್ಲುತ್ತೆ. ಹೊವರ್ಡ್, ಮೋರ್‌ಹೌಸ್, ಸ್ಪೆಲ್ಮನ್, ನಾರ್ತ್ ಕೆರೊಲಿನಾ ಎ ಅಂಡ್ ಟಿ ಅನ್ನುವ ಹೆಸರು ಕಂಡಾಗಲೂ ನಿಲ್ಲಲಿ. ಕಪ್ಪು ಜನರಿಗಾಗಿ ಶುರುವಾದ ಆ ಕಾಲೇಜುಗಳ ಪ್ರೊಫೆಸರುಗಳಲ್ಲಿ ನಿಮಗೆ ಫೋನ್ ಮಾಡುವಷ್ಟು ಪರಿಚಯದವರು ಎಷ್ಟು ಜನ ಇದ್ದಾರೆ? ಅವರನ್ನು ಸೆಮಿನಾರಿಗೆ ಕರೆಯಿರಿ, ನಿಮ್ಮ ಬೇಸಿಗೆ ಸಂಶೋಧನೆಗೆ ಅವರ ವಿದ್ಯಾರ್ಥಿಗಳನ್ನು ಕೇಳಿ. ಶಿಫಾರಸು ಪತ್ರದ ಹಿಂದಿನ ಆ ಪರಿಚಯವೇ ನಮ್ಮ ಎಷ್ಟೋ ಜನರನ್ನು ಇಲ್ಲಿಗೆ ತಂದದ್ದು.

ಟಿಎಗಳ ತರಬೇತಿಯಲ್ಲಿ ಈ ದೇಶದ ಚರಿತ್ರೆಗೆ ಒಂದು ಮಧ್ಯಾಹ್ನ ಕೊಡಿ. ನಮ್ಮೂರಿನ ಹುಡುಗರ ಹತ್ತಿರ ಅದನ್ನು ನೀವೇ, ಕನ್ನಡದಲ್ಲೇ ಮಾತಾಡಿ. ಇಂಗ್ಲಿಷಿನ ಟ್ರೇನಿಂಗ್ ವಿಡಿಯೋವನ್ನು ಅವರು ಮ್ಯೂಟ್ ಮಾಡಿ ಓಡಿಸುತ್ತಾರೆ, ನನಗೆ ಗೊತ್ತು.

ಈ ಸೆಮಿಸ್ಟರ್ ಮುಗಿಯುವ ಮೊದಲು ಮುಂದಿನ ವರ್ಷದ ಕೋರ್ಸ್ ಹಂಚಿಕೆ, ಟಿಎ ಹಂಚಿಕೆ, ಬಜೆಟ್ ಮೂರೂ ನಿಮ್ಮ ಕಮಿಟಿಗಳ ಮೇಜಿಗೆ ಬರುತ್ತವೆ. ಸಂಜೆಯ ಓದಿಗೆ ಒಂದು ರೂಮು, ನಾಲ್ಕು ಜನ ಮೇಲಿನ ಕ್ಲಾಸಿನ ವಿದ್ಯಾರ್ಥಿಗಳಿಗೆ ಗಂಟೆ ಲೆಕ್ಕದ ಸಂಬಳ, ಇಷ್ಟನ್ನು ಆ ಬಜೆಟ್ಟಿನಲ್ಲಿ ಸೇರಿಸಿ ಅಂತ ಬಾಯಿಬಿಟ್ಟು ಕೇಳಿ. ಯಾರಾದರೂ ಕಾನೂನಿನ ತೊಡಕು ಅಂದರೆ ಯಾವ ಕಾನೂನು, ಯಾವ ಕಲಂ ಅಂತ ಬರಹದಲ್ಲಿ ಕೊಡಿ ಅನ್ನಿ.

ಇಂತಿ,
ಮೊದಲ ವರ್ಷದ ಕ್ಲಾಸಿನ ಒಬ್ಬ ಕನ್ನಡತಿ ಲೆಕ್ಚರರ್